ಹೆಂಚು ತಟ್ಟುವವಳ ಮಗಳು

ಕೋಲಾರ,
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ ನಿನ್ನ ಪವಿತ್ರ ಮಾಡುವ ನಮಸ್ಕಾರ.

ಹೇಗಿದ್ದೀಯಮ್ಮ? ಮಂಡಿನೋವು ಕಮ್ಮಿಯಾಯ್ತಾ? ಡಾಕ್ಟರು ಕೊಟ್ಟ ಎಣ್ಣೇನ ದಿನಾ ಹಚ್ಚಿಕೊಳ್ತಿದ್ದೀಯೋ, ಇಲ್ಲ ಬೇಗ ಮುಗಿದುಹೋಗುತ್ತೆ ಅಂತ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ಅರಸೀಕೆರೆಯಲ್ಲಿ ಈಗ ಚಳಿ ಜಾಸ್ತಿ ಅಂತ ಅಮರ ಹೇಳಿದ. ರೈಲ್ವೆ ಕ್ವಾರ್ಟರ್ಸಿನ ನೆಲ ಮೊದಲೇ ತಣ್ಣಗಿರುತ್ತೆ, ಬರಿಗಾಲಲ್ಲಿ ಓಡಾಡಬೇಡ. ಅಮರನ ಮಗು ಬೋರಲು ಬಿದ್ದ ಫೋಟೋ ನೋಡಿದೆ. ಕಣ್ಣು ಅವರಮ್ಮನದು, ಮೂಗು ಮಾತ್ರ ನಿನ್ನದೇ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ಚಂದನಾಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ಥೇಟ್ ಮುದುಕಿ. ವೆಂಕಟ್ ಅವರಿಗೆ ಎಂದಿನ ಹಾಗೆ ಡೈರಿಯ ಟ್ಯಾಂಕರು, ವಾರದಲ್ಲಿ ನಾಲ್ಕು ದಿನ ಮನೆ, ಮೂರು ದಿನ ರೋಡು. ಅವರೆಕಾಯಿ ಶುರುವಾಗಿದೆ. ಸೊಗಡು ಇನ್ನೂ ಪೂರ್ತಿ ಬಂದಿಲ್ಲ, ಆದರೂ ಅತ್ತೆ ಬಿಡ್ತಾರಾ, ಮನೆಯೆಲ್ಲ ಸಿಪ್ಪೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಬರೀತಾಳೆ ಅಂದುಕೊಳ್ತೀಯ. ನಿನಗೆ ಫೋನು ಕೇಳಿಸಲ್ಲ, ಅಮರನ ಹತ್ತಿರ ಹೇಳಿದರೆ ಅವನು ನಿನ್ನ ಮುಂದೆ ಕೈಸನ್ನೆ ಮಾಡಿ ಅರ್ಧ ಹೇಳ್ತಾನೆ, ಅರ್ಧ ನುಂಗ್ತಾನೆ. ಇದು ಅರ್ಧ ನುಂಗೋ ವಿಷಯ ಅಲ್ಲ ಕಣಮ್ಮ. ಅದಕ್ಕೇ ಅಕ್ಷರ ದಪ್ಪಗೆ ಬರೀತಿದ್ದೀನಿ. ಕನ್ನಡಕ ಹಾಕ್ಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದು. ನನ್ನ ಒಂದನೇ ಕ್ಲಾಸಿನ ಪುಸ್ತಕದಲ್ಲಿ ನಾವಿಬ್ಬರೂ ಒಟ್ಟಿಗೆ ಅ ಆ ಇ ಈ ತಿದ್ದಿದ್ದೆವಲ್ಲ, ನನಗಿಂತ ಮೊದಲು ನಿನಗೇ ಒತ್ತಕ್ಷರ ಬಂದಿತ್ತಲ್ಲ, ಆ ನಿಧಾನದಲ್ಲಿ.

ನಿನ್ನೆ ನಾನು ಮಾಲೂರಿಗೆ ಹೋಗಿದ್ದೆ. ನಮ್ಮ ಹೆಂಚಿನ ಫ್ಯಾಕ್ಟರಿಗೆ.

ಬೀಗ ಬಿದ್ದು ಹದಿನೈದು ವರ್ಷವಾದ ಫ್ಯಾಕ್ಟರಿಗೆ ಇವಳೇನು ಹೋಗಿದ್ದು ಅಂತ ಗಾಬರಿಯಾಗಬೇಡ. ಅದನ್ನ ಈಗ ಮಕ್ಕಳ ಮ್ಯೂಸಿಯಂ ಮಾಡ್ತಿದ್ದಾರೆ. ಮ್ಯೂಸಿಯಂ ಅಂದರೆ ಗಾಜಿನ ಪೆಟ್ಟಿಗೆ ಒಳಗೆ ಕತ್ತಿ, ಗುರಾಣಿ ಇಟ್ಟು ಮುಟ್ಟಬೇಡಿ ಅಂತ ಬೋರ್ಡು ಹಾಕಿರ್ತಾರಲ್ಲ, ಅದಲ್ಲ. ಇಲ್ಲಿ ಎಲ್ಲವನ್ನೂ ಮುಟ್ಟಬೇಕಂತೆ, ತಿರುಗಿಸಬೇಕಂತೆ, ಕಲಸಬೇಕಂತೆ. ಕೆಲಸ ಇನ್ನೂ ನಡೀತಿದೆ, ಜನವರಿಗೆ ಬಾಗಿಲು ತೆಗೆಯೋದು. ಅದಕ್ಕೆ ಮುಂಚೆ ಸುತ್ತಮುತ್ತಲಿನ ಸ್ಕೂಲುಗಳಿಂದ ಮಕ್ಕಳ ಮನೆಯವರನ್ನ ಕರೆಸಿ ತೋರಿಸ್ತಿದ್ದಾರೆ. ಎಲ್ಲಿ ಮಕ್ಕಳು ಜಾರ್ತಾರೆ, ಎಲ್ಲಿ ಬೆರಳು ಸಿಕ್ಕಿಸಿಕೊಳ್ತಾರೆ, ಏನು ಕಂಡರೆ ಕುಣೀತಾರೆ, ಹೆತ್ತವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ. ಚಂದನಾಳ ಸ್ಕೂಲಿನಿಂದ ಆರು ಮನೆ ಆರಿಸಿದ್ದರು, ಮನೆಗೆ ಇಬ್ಬರು. ಚೀಟಿಯಲ್ಲಿ 'ಮಾಲೂರಿನ ಹಳೆಯ ಹೆಂಚಿನ ಕಾರ್ಖಾನೆ' ಅಂತ ಮಾತ್ರ ಬರೆದಿತ್ತು. ಮಾಲೂರಲ್ಲಿ ಹೆಂಚಿನ ಫ್ಯಾಕ್ಟರಿ ಒಂದಾ ಎರಡಾ, ನಮ್ಮದೇ ಆಗಿರಬೇಕು ಅಂತೇನಿಲ್ಲ ಅಂದುಕೊಂಡೆ. ನಿಜ ಹೇಳಲಾ, ನಮ್ಮದಾಗದೇ ಇರಲಿ ಅಂತ ಬೇಡಿಕೊಂಡೆ. ಯಾಕಂದ್ರೆ ವೆಂಕಟ್ ಅವರಿಗೆ ಡ್ಯೂಟಿ ಬಿದ್ದು, ನನ್ನ ಜೊತೆ ಹೊರಟವರು ಅತ್ತೆ.

ವಕ್ಕಲೇರಿ ದಾಟೋವರೆಗೂ ಅತ್ತೆ ಕಿಟಕಿ ಪಕ್ಕ ಕೂತು ಟೊಮೆಟೊ ತೋಟಗಳನ್ನ ನೋಡಿ ಒಂದೊಂದಕ್ಕೂ ತೀರ್ಪು ಕೊಡ್ತಾ ಬಂದರು. ಈತ ಕಡ್ಡಿ ಸರಿಯಾಗಿ ಕಟ್ಟಿಲ್ಲ, ಆತ ನೀರು ಜಾಸ್ತಿ ಬಿಟ್ಟವ್ನೆ ಅಂತ. ಆವನಿ ಕಡೆ ಹುಟ್ಟಿ ಬೆಳೆದ ಮಣ್ಣಿನ ಹೆಂಗಸು, ಬಸ್ಸಲ್ಲಿ ಕೂತರೂ ಹೊಲದಲ್ಲೇ ಇರ್ತಾರೆ. ನನಗೆ ಒಂದು ಮಾತೂ ತಲೆಗೆ ಹತ್ತಲಿಲ್ಲ. ಮಾಲೂರಿನೊಳಗೆ ಬಂದು ಬಸ್ಸು ಕೆರೆ ಕಡೆಗೆ ತಿರುಗಿದಾಗಲೇ ನಾನು ಕಿಟಕಿ ಕಡೆ ಬಗ್ಗಿ ನೋಡಿದೆ. ಆಮೇಲೆ ಚಿಮಣಿ ಕಾಣಿಸಿತು. ನಮ್ಮದೇ ಚಿಮಣಿ ಅಮ್ಮ. ತುದಿಯಲ್ಲಿ ಆಲದ ಗಿಡ ಹುಟ್ಟಿತ್ತಲ್ಲ, ಅದನ್ನ ಕಿತ್ತು ಹಾಕಿ ಸಿಮೆಂಟು ಮೆತ್ತಿದ್ದಾರೆ.

ಗೇಟಿನಲ್ಲೇ ನಮಗೆಲ್ಲ ಹಳದಿ ಹೆಲ್ಮೆಟ್ಟು ಕೊಟ್ಟರು. ಅತ್ತೆ ಮುಡಿದ ಕನಕಾಂಬರದ ಮೇಲೆ ಹೆಲ್ಮೆಟ್ಟು ಕೂರದೆ ಜಾರ್ತಿತ್ತು, ಹೂವು ತೆಗೆಯೋಕೂ ಒಪ್ಪಲಿಲ್ಲ. ಕರಕೊಂಡು ಹೋಗಿ ತೋರಿಸಿದ ಇಂಜಿನಿಯರು ನಾಹಿದ್ ಅಂತ ಒಬ್ಬ ಹುಡುಗಿ, ಕೋಲಾರದವಳೇ, ಮಾತು ಹರಳು ಹುರಿದ ಹಾಗೆ. ಪ್ರೆಸ್ಸಿನ ಶೆಡ್ಡು ಹಾಗೇ ಇದೆ. ದೊಡ್ಡ ಚಕ್ರದ ಪ್ರೆಸ್ಸಿಗೆ ಎಣ್ಣೆ ಹಾಕಿ ಬಣ್ಣ ಹೊಡೆದು ಮಧ್ಯದಲ್ಲಿ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಮಕ್ಕಳ ಎತ್ತರಕ್ಕೆ ಚಿಕ್ಕ ಪ್ರೆಸ್ಸು ಒಂದು, ಅಂಗೈಯಗಲದ ಹೆಂಚು ಒತ್ತೋದಕ್ಕೆ. ಹಸಿ ಹೆಂಚು ಒಣಗಿಸ್ತಿದ್ದ ಮರದ ಅಟ್ಟಣಿಗೆಗಳನ್ನ ಉಜ್ಜಿ ನುಣ್ಣಗೆ ಮಾಡಿ ಪುಸ್ತಕ ಇಡ್ತಾರಂತೆ. ಆ ಅಟ್ಟಣಿಗೆ ಕೆಳಗೆ ಅಮರನನ್ನ ಗೋಣಿಚೀಲದ ಮೇಲೆ ಮಲಗಿಸಿ ನೀನು ಕೆಲಸಕ್ಕೆ ನಿಲ್ತಿದ್ದದ್ದು, ಅವನು ಎದ್ದು ಹಸಿ ಹೆಂಚಿಗೆ ಬೆರಳು ಚುಚ್ಚಿ ಚುಚ್ಚಿ ಒಂದು ಸಾಲು ಹಾಳು ಮಾಡಿದ್ದು, ನೀನು ಅವನನ್ನ ಬೈಯೋದು ಬಿಟ್ಟು ನಕ್ಕಿದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಮೂಲೆಯಲ್ಲಿ ಜೇಡಿ ಕಲಸಿ ಒದ್ದೆ ಬಟ್ಟೆ ಹೊದಿಸಿಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೂವತ್ನಾಲ್ಕು ವರ್ಷದವಳು ಅನ್ನೋದು ಮರೆತುಹೋಯ್ತು. ನಾಲ್ಕೂವರೆಗೆ ಸ್ಕೂಲು ಬಿಟ್ಟು, ಚೀಲ ಹೆಗಲಿಗೆ ಹಾಕ್ಕೊಂಡು ನಿನ್ನ ಹತ್ತಿರ ಓಡಿ ಬರ್ತಿದ್ದ ಹುಡುಗಿ ನಾನು. ನೀನು ಮಧ್ಯಾಹ್ನದ ಮುದ್ದೆಯಲ್ಲಿ ಒಂದು ತುಂಡು ನನಗೆ ಅಂತ ಉಳಿಸಿ ಭಟ್ಟಿ ಪಕ್ಕ ಬೆಚ್ಚಗೆ ಇಟ್ಟಿರ್ತಿದ್ದೆ.

ನಾನು ಆ ಹೊತ್ತಿಗೆ ಯಾಕೆ ಓಡಿ ಬರ್ತಿದ್ದೆ ಅನ್ನೋದು ನಿನಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಭಟ್ಟಿಯಿಂದ ಇಳಿದ ಹೆಂಚನ್ನ ತಟ್ಟಿ ನೋಡಿ ಗಟ್ಟಿ ಯಾವುದು, ಒಳಗೆ ಸೀಳಿದ್ದು ಯಾವುದು ಅಂತ ಬೇರೆ ಮಾಡೋ ಕೆಲಸ ನಿನ್ನದು. ಟಣ್ ಅಂದರೆ ಲಾರಿಗೆ, ಡಬ್ ಅಂದರೆ ಗುಡ್ಡೆಗೆ. ಪ್ರೆಸ್ಸಿನ ಪಕ್ಕ ಅಷ್ಟು ವರ್ಷ ನಿಂತು ನಿಂತು ನಿನ್ನ ಕಿವಿ ಹೋಗ್ತಾ ಬಂತಲ್ಲ. ಗೊತ್ತಾದರೆ ಕೆಲಸ ಹೋಗುತ್ತೆ ಅಂತ ನೀನು ಬೆರಳ ತುದಿಯಲ್ಲಿ ಅದುರು ನೋಡೋದು ಕಲಿತೆ. ಅನುಮಾನ ಬಂದ ಹೆಂಚನ್ನೆಲ್ಲ ಪಕ್ಕಕ್ಕೆ ಎತ್ತಿಟ್ಟುಕೊಂಡು ನಾನು ಬರೋವರೆಗೆ ಕಾಯ್ತಿದ್ದೆ. ನಾನು ಬಂದು ಪುಸ್ತಕ ಬಿಚ್ಚಿ ಪಕ್ಕದಲ್ಲಿ ಕೂರ್ತಿದ್ದೆ. ನೀನು ತಟ್ಟಿ ನನ್ನ ಮುಖ ನೋಡ್ತಿದ್ದೆ. ಒಡಕು ದನಿ ಬಂದರೆ ನಾನು ಕಣ್ಣು ಮುಚ್ಚಿ ತೆಗೀತಿದ್ದೆ, ಅಷ್ಟೇ. ಎರಡು ವರ್ಷ ಹಾಗೇ ನಡೀತು. ಐದನೇ ಕ್ಲಾಸು, ಆರನೇ ಕ್ಲಾಸು. ಆಮೇಲೆ ನಿನ್ನ ಬೆರಳಿಗೆ ನನ್ನ ಕಿವಿ ಬೇಕಾಗಲಿಲ್ಲ.

ಅಂಥ ಕೆಲಸವನ್ನ ನಾವು ಮುಚ್ಚಿಟ್ಟೆವು. ಮದುವೆ ಮಾತು ಬಂದಾಗ ನೀನೇ ತಾನೇ ಅಂದಿದ್ದು, ಬೀಗರು ಹೊಲಮನೆ ಇರೋರು, ಕೂಲಿ ಹೆಂಗಸಿನ ಮಗಳು ಅಂದರೆ ಹಿಂದೆ ಸರೀತಾರೆ, ಆಫೀಸಿನಲ್ಲಿ ಕಾಗದಪತ್ರ ನೋಡ್ಕೋತಿದ್ದೆ ಅಂತ ಹೇಳೋಣ ಅಂತ. ಕಿವಿಗೆ ಚಿಕ್ಕವಳಿದ್ದಾಗ ಜ್ವರ ಬಂದಿತ್ತು ಅಂತ ಇನ್ನೊಂದು ಸುಳ್ಳು. ಭಟ್ಟಿಯ ಬಾಗಿಲಲ್ಲಿ ಸುಟ್ಟ ಕೈ ಕಾಣಬಾರದು ಅಂತ ಮದುವೆ ದಿನ ಆ ಸೆಖೆಯಲ್ಲಿ ಉದ್ದ ತೋಳಿನ ರವಿಕೆ. ಇದನ್ನೆಲ್ಲ ನೀನು ನನಗೋಸ್ಕರ ಮಾಡಿದೆ, ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ ಅಮ್ಮ. ನನಗೆ ಒಳಗೊಳಗೇ ಹಾಯೆನಿಸಿತ್ತು. ಸ್ಕೂಲಲ್ಲಿ ಹೆಂಚಿನ ಧೂಳಿಗೆ ಕೆಂಪಾದ ನನ್ನ ಪಾದ ನೋಡಿ ಹೆಂಚಿನ ಕಾಲು, ಹೆಂಚಿನ ಕಾಲು ಅಂತ ಕೂಗ್ತಿದ್ದರಲ್ಲ, ಆ ಕೆಂಪು ಒಂದೇ ಏಟಿಗೆ ತೊಳೆದುಹೋಯ್ತು ಅನ್ನಿಸಿತ್ತು. ಈ ಮಾತನ್ನ ಮದುವೆಯಾದ ಹನ್ನೊಂದು ವರ್ಷದಲ್ಲಿ ನಿನ್ನ ಎದುರು ಹೇಳೋಕೆ ಆಗಿರಲಿಲ್ಲ. ಈಗ ಬರೀತಿದ್ದೀನಿ. ಎಲ್ಲಿ ಬಾಯಿ ತಪ್ಪಿ ನಿಜ ಹೊರಗೆ ಬರುತ್ತೋ ಅಂತ ನೀನು ಒಂದು ರಾತ್ರಿನೂ ನಮ್ಮ ಮನೇಲಿ ಉಳೀಲಿಲ್ಲ. ಬೆಳಿಗ್ಗೆ ಬಂದು ಸಾಯಂಕಾಲದ ಬಸ್ಸಿಗೆ ಹೊರಡ್ತಿದ್ದೆ. ನಾನೂ ಉಳಿ ಅಂತ ಕೈ ಹಿಡಿದು ನಿಲ್ಲಿಸಲಿಲ್ಲ.

ನಿನ್ನೆ ಏನಾಯ್ತು ಅಂತ ಕೇಳು. ಪ್ರೆಸ್ಸಿನ ಶೆಡ್ಡಿನಲ್ಲಿ ನಾಹಿದ್ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, "ನಿಮ್ಮ ಮನೆಯವರು ಯಾರಾದ್ರೂ ಇಲ್ಲಿ ಕೆಲಸ ಮಾಡಿದ್ರಾ? ನಮಗೆ ಅವರ ಮಾತು ಬೇಕು, ಗೋಡೆ ಮೇಲೆ ಬರೆಸ್ತೀವಿ" ಅಂತ ಕೇಳಿದಳು. ಅತ್ತೆ ನನ್ನ ಕಡೆ ತಿರುಗಿ, "ನಿಮ್ಮಮ್ಮ ಆಫೀಸಲ್ಲಿದ್ದಿದ್ದು ಇದೇ ಫ್ಯಾಕ್ಟ್ರೀನೇನೇ?" ಅಂದರು. ನಾನು "ಇಲ್ಲ ಅತ್ತೆ, ಅದು ಬೇರೆ" ಅಂದೆ. ಎಷ್ಟು ಸಲೀಸಾಗಿ ಅಂದೆ ಗೊತ್ತಾ. ಅತ್ತೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಆ ಕಡೆ ತಿರುಗಿದರು. ಅಷ್ಟರಲ್ಲಿ ಕಿಟಕಿಯಾಚೆ ಭಟ್ಟಿ ಮುಂದೆ ಜಾನ್ ಪಾಷಾ ಕಂಡರು. ಹೌದಮ್ಮ, ನಮ್ಮ ಭಟ್ಟಿ ಜಾನ್ ಪಾಷಾ ಮಾಮ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಕಣ್ಣಿಗೆ ಪೊರೆ ಬಂದ ಹಾಗಿತ್ತು. ಭಟ್ಟಿ ರಿಪೇರಿ ಅವರಿಗೊಬ್ಬರಿಗೇ ಗೊತ್ತು ಅಂತ ಮ್ಯೂಸಿಯಮ್ಮಿನವರು ಹುಡುಕಿ ಕರೆಸಿದ್ದಾರಂತೆ. ನಾನು ಹೆಲ್ಮೆಟ್ಟನ್ನ ಹಣೆ ಮೇಲೆ ಎಳೆದುಕೊಂಡು ಎಲ್ಲರ ಹಿಂದೆ ಸರಿದೆ.

ಆಮೇಲೆ ಕರಕೊಂಡು ಹೋದದ್ದು ಹಿಂದಿನ ವರಾಂಡಕ್ಕೆ. ಅಲ್ಲಿ ಒಂದು ಗೋಡೆ ಉದ್ದಕ್ಕೂ ಕಬ್ಬಿಣದ ಕಂಬಿ ಹಾಕಿ, ತಂತಿಯಲ್ಲಿ ಹಳೇ ಹೆಂಚುಗಳನ್ನ ನಾಲ್ಕು ಸಾಲು ನೇತು ಹಾಕಿದ್ದಾರೆ. ಲಾರಿ ಹತ್ತದೆ ಉಳಿದಿದ್ದನ್ನೂ ಅಂಗಳದ ಗುಡ್ಡೆಯಲ್ಲಿದ್ದನ್ನೂ ಬೆರೆಸಿ ತೊಳೆದದ್ದಂತೆ. ಮಕ್ಕಳು ಮರದ ಸುತ್ತಿಗೆಯಲ್ಲಿ ಹೊಡೀಬೇಕು, ಒಂದೊಂದು ಹೆಂಚು ಒಂದೊಂದು ಸ್ವರ ಕೊಡುತ್ತೆ. ಹೋಳೂರಿನಿಂದ ಬಂದಿದ್ದ ಶಾಮಲಮ್ಮ ಅನ್ನೋರು ಮೊಮ್ಮಗನ ಹೆಸರು ಹೇಳಿಕೊಂಡು ಎರಡು ಕೈಯಲ್ಲೂ ಸುತ್ತಿಗೆ ಹಿಡಿದು ಬಾರಿಸಿದ್ದೇ ಬಾರಿಸಿದ್ದು. ಎಲ್ಲರೂ ಚಪ್ಪಾಳೆ ಹೊಡೆದರು, ಅತ್ತೆನೂ ನಕ್ಕರು. ನನ್ನ ಕಿವಿ ಮಾತ್ರ ಗಕ್ಕನೆ ನಿಂತುಬಿಡ್ತು. ಅಷ್ಟು ಟಣ್ ಟಣ್ ನಡುವೆ ಮೇಲಿನ ಸಾಲಿನಲ್ಲಿ ಒಂದು ಡಬ್ ಅಂತು. ಇನ್ನೊಮ್ಮೆ ಹೊಡೆದರು, ಮತ್ತೆ ಡಬ್. ಹೊರಗೆ ಒಂದು ಗೆರೆಯೂ ಕಾಣಲ್ಲ, ಒಳಗೆ ಸೀಳಿರುತ್ತೆ. ಹಾಗಾದ ಹೆಂಚು ಮಕ್ಕಳ ಏಟಿಗೆ ಎಷ್ಟು ದಿನ ತಾಳುತ್ತೆ? ಅದೂ ಮೇಲಿನ ಸಾಲು, ಚಂದನಾಳ ತಲೆಗಿಂತ ಎರಡಡಿ ಮೇಲೆ. ಮಕ್ಕಳು ಬರೋವಾಗ ಹೆಲ್ಮೆಟ್ಟು ಇರಲ್ಲ.

ಸುಮ್ಮನಿದ್ದುಬಿಡೋಣ, ಆಮೇಲೆ ಹೆಸರಿಲ್ಲದೆ ಒಂದು ಚೀಟಿ ಬರೆದು ಹಾಕೋಣ ಅಂತಲೂ ಒಂದು ಕ್ಷಣ ಯೋಚನೆ ಬಂತು. ಯಾವ ಹೆಂಚು ಅಂತ ಚೀಟಿಯಲ್ಲಿ ಹೇಗೆ ಬರೆಯೋದು? ಮುಂದೆ ಹೋಗಿ, "ಮೇಡಂ, ಆ ಹೆಂಚು ಒಡೆದಿದೆ, ಇಳಿಸಿಬಿಡಿ" ಅಂದೆ. ನಾಹಿದ್ ಸ್ಟೂಲು ಹತ್ತಿ ನೋಡಿದಳು, ಏನೂ ಇಲ್ವಲ್ಲ ಅಂದಳು. "ಕಣ್ಣಿಗೆ ಕಾಣಲ್ಲ" ಅಂದು ನಾನೇ ಸ್ಟೂಲು ಹತ್ತಿದೆ. ಒಂದೇ ಹೆಂಚು ಆದ ಮೇಲೆ ಬಿಡೋಕಾಗಲಿಲ್ಲ ಅಮ್ಮ, ಮೇಲಿನ ಸಾಲು ಪೂರ್ತಿ ತಟ್ಟಿದೆ. ಸುತ್ತಿಗೆ ಕೊಟ್ಟರು, ಬೇಡ ಅಂದೆ. ನೀನು ಮಾಡ್ತಿದ್ದ ಹಾಗೆ ಬೆರಳ ಗೆಣ್ಣಿನಲ್ಲಿ ಎರಡು ಸಲ, ಆಮೇಲೆ ಉಗುರಿನಲ್ಲಿ ಒಂದು ಸಲ. ಕೈ ತಾನಾಗೇ ಹೋಗ್ತಿತ್ತು. ಮೂರು ಹೆಂಚು ಸೀಳಿದ್ದು ಸಿಕ್ಕವು. ಮೂರನೆಯದನ್ನ ಕೆಲಸದವರು ತಂತಿ ಬಿಚ್ಚಿ ಇಳಿಸೋವಾಗ ಕೈಯಲ್ಲೇ ಎರಡು ಹೋಳಾಯ್ತು. ಶಾಮಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾಹಿದ್ ಆ ಹೋಳು ಕೈಗೆ ತಗೊಂಡು, "ನಿಮಗೆ ಇದು ಹೇಗೆ ಗೊತ್ತು?" ಅಂದಳು. ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ, ಅತ್ತೆ ಎಲ್ಲರಿಗಿಂತ ಮುಂದೆ ನಿಂತಿದ್ದಾರೆ. ಆಗಲೂ ನನ್ನ ಬಾಯಿಗೆ ಬಂದದ್ದು ಸುಳ್ಳೇ. "ಸಂತೇಲಿ ಮಡಕೆ ತಗೊಳ್ಳೋವಾಗ ತಟ್ಟಿ ನೋಡ್ತೀವಲ್ಲ ಮೇಡಂ, ಹಾಗೆ" ಅಂದೆ.

ಆಗ ವರಾಂಡದ ಆ ಕೊನೆಯಿಂದ ಜಾನ್ ಪಾಷಾ ಮಾಮ ಗೋಡೆ ಹಿಡಕೊಂಡು ಬರ್ತಿದ್ದರು. ಅವರಿಗೆ ನನ್ನ ಮುಖ ಗುರುತು ಸಿಗೋ ಹಾಗಿರಲಿಲ್ಲ. ಬಂದವರೇ, "ಯಾರು ತಟ್ಟಿದ್ದು? ಮುನಿಶಾಮಮ್ಮ ಬಂದವ್ಳಾ?" ಅಂತ ಕೇಳಿದರು. ಆಮೇಲೆ ನಾಹಿದ್ ಕಡೆ ತಿರುಗಿ, "ಎರಡು ಗೆಣ್ಣು, ಒಂದು ಉಗುರು. ಇಪ್ಪತ್ತು ವರ್ಷ ಕೇಳಿದೀನಿ ಬೇಟಿ, ಅದು ಮುನಿಶಾಮಮ್ಮನ ಕೈ. ಎಲ್ಲಿ ಆಯಮ್ಮ?" ಅಂದರು. ಕೈ ಚಾಚಿಕೊಂಡು ಗಾಳಿಯಲ್ಲಿ ನಿನ್ನನ್ನ ಹುಡುಕಿದರು.

ಸ್ಟೂಲಿನ ಮೇಲೆ ನಿಂತಿದ್ದೆನಲ್ಲ, ಇಳಿದುಬಿಟ್ಟೆ. ಆಗಲೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮುದುಕನಿಗೆ ಭ್ರಮೆ ಅಂತ ಎಲ್ಲರೂ ಅಂದುಕೊಳ್ತಿದ್ದರು. ಆದರೆ ಆ ಚಾಚಿದ ಕೈ ನೋಡಿ ನನಗೆ ಇಲ್ಲ ಅನ್ನೋಕೆ ಆಗಲಿಲ್ಲ. ಹೋಗಿ ಹಿಡಿದುಕೊಂಡೆ. "ಅಮ್ಮ ಬಂದಿಲ್ಲ ಮಾಮ. ನಾನು ಪವಿತ್ರ, ಅವಳ ಮಗಳು" ಅಂದೆ. ಆಮೇಲೆ ಎಲ್ಲರ ಕಡೆ ತಿರುಗಿ, ಮುಖ್ಯವಾಗಿ ಅತ್ತೆ ಕಡೆ ತಿರುಗಿ ಹೇಳಿದೆ. "ನಮ್ಮಮ್ಮ ಇಲ್ಲಿ ಆಫೀಸಲ್ಲಿರಲಿಲ್ಲ. ಈ ಜಾಗದಲ್ಲಿ ಕೂತು ಹೆಂಚು ತಟ್ಟಿ ನೋಡ್ತಿದ್ದಳು. ಅದಕ್ಕೂ ಮುಂಚೆ ತಲೆ ಮೇಲೆ ಹೊತ್ತಿದ್ದಾಳೆ. ಅವಳ ಕಿವಿ ಜ್ವರದಿಂದ ಹೋಗಿದ್ದಲ್ಲ, ಆ ಪ್ರೆಸ್ಸಿನಿಂದ ಹೋಗಿದ್ದು." ಕಿವಿ ಹೋದ ಮೇಲೆ ನಾವಿಬ್ಬರೂ ಏನು ಮಾಡ್ತಿದ್ದೆವು ಅಂತಲೂ ಹೇಳಿದೆ. ಎಲ್ಲಿಂದ ಬಂತೋ ಧೈರ್ಯ, ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ. ಜಾನ್ ಪಾಷಾ ಮಾಮ ಅಷ್ಟನ್ನೂ ಕೇಳಿ, "ಹಾಂ! ಎರಡು ವರ್ಷ ನನ್ನ ಭಟ್ಟಿ ಮಾಲನ್ನ ಫೇಲ್ ಮಾಡ್ತಿದ್ದವಳು ನೀನಾ? ನಾನು ಸುಮ್ನೆ ಆಯಮ್ಮನ ಜೊತೆ ಜಗಳ ಆಡ್ತಿದ್ದೆ!" ಅಂದರು. ಎಲ್ಲರೂ ಗೊಳ್ಳಂತ ನಕ್ಕರು. ನಾನೂ ನಕ್ಕೆ, ಅತ್ತುಕೊಂಡೇ. ನಿನ್ನನ್ನ ತುಂಬ ಕೇಳಿದರು. ಅವರ ಮನೆಯವರು ರಹಮತುನ್ನೀಸಾ ಚಾಚಿ ಹೋದ ವರ್ಷ ತೀರಿಕೊಂಡರಂತೆ ಅಮ್ಮ. ರಂಜಾನಿಗೆ ನಮಗೆ ಶಾವಿಗೆ ಪಾಯಸ ತಂದುಕೊಡ್ತಿದ್ದರು, ನೆನಪಿದೆಯಲ್ಲ.

ಹೊರಡೋ ಮುಂಚೆ ನಾಹಿದ್ ನನ್ನ ಪಕ್ಕಕ್ಕೆ ಕರೆದಳು. ಗೋಡೆಗೆ ಇನ್ನೂ ಇನ್ನೂರು ಹೆಂಚು ಬರೋದಿದೆ, ಒಂದೊಂದನ್ನೂ ಪರೀಕ್ಷೆ ಮಾಡದೆ ಹಾಕಲ್ಲ, ನಿಮ್ಮಮ್ಮ ಬಂದು ನೋಡಿಕೊಡ್ತಾರಾ ಅಂದಳು. ಅಮ್ಮನಿಗೆ ಈಗ ಏನೂ ಕೇಳಿಸಲ್ಲ, ಬರೀ ಬೆರಳು ಅಂದೆ. ಅವಳು ಹೇಳಿದಳು, ಇಲ್ಲಿಗೆ ಕಿವಿ ಕೇಳದ ಮಕ್ಕಳೂ ಬರ್ತಾರೆ, ಈ ಗೋಡೆ ಮುಂದೆ ಅವರಿಗೆ ಏನು ಕೊಡೋದು ಅಂತ ಆರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೀವಿ, ಬೆರಳಲ್ಲಿ ಶಬ್ದ ಹಿಡಿಯೋದು ಹೇಗೆ ಅಂತ ಅವರೇ ಆ ಮಕ್ಕಳಿಗೆ ತೋರಿಸಲಿ ಅಂತ. ನಾನು ಕೇಳಿ ಹೇಳ್ತೀನಿ ಅಂದಿದ್ದೀನಿ. ಪೋನೀಲೇ, ಹೋಗಲಿ ಬಿಡು, ನನ್ನ ಕೈಲಿ ಏನಾಗುತ್ತೆ ಅಂತ ತಳ್ಳಿಹಾಕಬೇಡ. ಯೋಚನೆ ಮಾಡು.

ಈಗ ಅತ್ತೆ ವಿಷಯ. ವಾಪಸ್ ಬರೋವಾಗ ಬಸ್ಸಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಟೊಮೆಟೊ ತೋಟಗಳು ಬಂದವು, ಹೋದವು, ತೀರ್ಪಿಲ್ಲ. ಮನೆಗೆ ಬಂದು ಸೀರೆ ಬದಲಾಯಿಸಿ, ಬೆಳಿಗ್ಗೆ ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂತು ಬೇಳೆ ಹಿತುಕೋಕೆ ಶುರು ಮಾಡಿದರು. ನಾನೂ ಎದುರಿಗೆ ಕೂತೆ. ಅರ್ಧ ಪಾತ್ರೆ ಆಗೋವರೆಗೆ ಪುಳಕ್ ಪುಳಕ್ ಅನ್ನೋದು ಬಿಟ್ಟರೆ ಸದ್ದಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದರು. "ಧಾರೆ ದಿನ ತಾಂಬೂಲ ಕೊಡೋವಾಗ ನಿಮ್ಮಮ್ಮನ ಎರಡು ಕೈನೂ ಹಿಡಿದೋಳು ನಾನು. ಆಫೀಸಿನ ಕೈನಾ ಅದು? ನಲವತ್ತು ವರ್ಷ ಕಳೆ ಕಿತ್ತ ಕೈ ನಂದು, ನನಗೆ ಕೈ ಗೊತ್ತಾಗಲ್ವಾ? ಆವತ್ತೇ ತಿಳೀತು." "ಮತ್ತೆ ಯಾಕೆ ಕೇಳಲಿಲ್ಲ ಅತ್ತೆ?" ಅಂದೆ. "ಆಯಮ್ಮ ಹೇಳಲಿ ಅಂತ ಕಾದೆ ಕಣೇ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಹನ್ನೊಂದು ವರ್ಷ. ಇವತ್ತು ಆ ಶೆಡ್ಡಲ್ಲಿ ನಿನಗೊಂದು ದಾರಿ ಮಾಡಿಕೊಟ್ಟೆ, ನೀನೂ ಹೇಳಲಿಲ್ಲ. ಕೂಲಿ ಮಾಡಿದ್ದಕ್ಕೆ ನನಗೇನು ಬೇಜಾರು? ನಾನೇನು ಪಲ್ಲಕ್ಕಿಯಲ್ಲಿ ಬಂದೋಳಾ? ನನ್ನನ್ನ ಅಂಥೋಳು ಅಂದ್ಕೊಂಡ್ರಲ್ಲ ತಾಯಿ ಮಗಳು ಇಬ್ಬರೂ, ಅದು ಚುಚ್ಚುತ್ತೆ ನನಗೆ. ನನ್ನ ಮನೆಯಲ್ಲಿ ಒಂದು ರಾತ್ರಿ ತಲೆ ಊರಿ ಮಲಗಲಿಲ್ಲ ಆಯಮ್ಮ. ನಾನೇನು ತಿಂದುಬಿಡ್ತಿದ್ದೆನಾ?"

ಅವರು ಅತ್ತದ್ದನ್ನ ಮಾವ ಆಸ್ಪತ್ರೆಯಲ್ಲಿದ್ದಾಗಲೂ ನಾನು ನೋಡಿರಲಿಲ್ಲ ಅಮ್ಮ. ಬೇಳೆ ಮೆತ್ತಿದ ಕೈ, ಕಣ್ಣು ಒರೆಸಿಕೊಳ್ಳೋಕೂ ಆಗದೆ ಭುಜಕ್ಕೆ ಮುಖ ಉಜ್ಜಿಕೊಂಡರು. ತಪ್ಪು ಅಮ್ಮನದಲ್ಲ, ನಂದು ಅಂದೆ. ಸುಳ್ಳು ಶುರು ಮಾಡಿದ್ದು ಅಮ್ಮ ಇರಬಹುದು, ಅದನ್ನ ಅಷ್ಟು ವರ್ಷ ಸಾಕಿದವಳು ನಾನು, ನನಗೆ ಅದು ಹಿತವಾಗಿತ್ತು ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಅವರು ಬೇಳೆ ತಗೊಂಡು ಒಳಗೆ ಹೋದರು. ಸಾರು ಎಂದಿಗಿಂತ ಖಾರವಾಗಿತ್ತು. ಇವತ್ತು ಬೆಳಿಗ್ಗೆಯಿಂದಲೂ ಕಾಫಿ ಕೊಟ್ಟರೆ ತಗೋತಾರೆ, ಮಾತಿಲ್ಲ. ಚಂದನಾಗೆ ಮಾತ್ರ ಹಬ್ಬ. ಅಜ್ಜಿ ಹೆಂಚು ತಟ್ಟಿ ನೋಡ್ತಿದ್ದಳು ಅಂತ ಕೇಳಿದಾಗಿನಿಂದ ಮನೆಯ ಲೋಟ, ತಟ್ಟೆ, ಹೂಕುಂಡ, ಕೊನೆಗೆ ಅವರಪ್ಪನ ತಲೆ ಎಲ್ಲವನ್ನೂ ಎರಡು ಗೆಣ್ಣು ಒಂದು ಉಗುರಿನಲ್ಲಿ ತಟ್ಟಿ, ಪಾಸು, ಫೇಲು ಅಂತ ಹೇಳ್ತಾ ತಿರುಗ್ತಿದ್ದಾಳೆ. ಅವರಪ್ಪ ಫೇಲು.

ಅಷ್ಟೇ ಅಮ್ಮ. ನನ್ನ ಮೇಲೆ ಕೋಪ ಬಂದಿದ್ದರೆ ಬೈದು ಬರಿ, ಹೇಳದೆ ಕೇಳದೆ ಎಲ್ಲರ ಮುಂದೆ ಹೇಳಿಬಿಟ್ಟೆ. ನಿನ್ನ ವಿಷಯ ಹೇಳೋಕೆ ನಿನ್ನ ಒಪ್ಪಿಗೆ ಕೇಳಬೇಕಿತ್ತು, ಅದಕ್ಕೆ ಕ್ಷಮಿಸು. ಹೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ. ಅಮರನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳು, ಮಗುವಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಹೊಲದ ಕೆಲಸಕ್ಕೆ ಆವನಿಗೆ ಹೋಗಿರೋ ಮಾವ ಕೋದಂಡರಾಮಪ್ಪನವರು ನಿನ್ನ ಆರೋಗ್ಯ ಕೇಳಿದ್ದಾರೆ. ಎಣ್ಣೆ ಹಚ್ಚಿಕೋ.

ಇಂತಿ ನಿನ್ನ ಮಗಳು,
ಪವಿತ್ರ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ, ಅತ್ತೆ ಬಂದು ಪಕ್ಕದಲ್ಲಿ ನಿಂತು, "ಬೀಗಿತ್ತಿಗೇನಾ? ಇನ್ನೂ ಜಾಗ ಐತಾ?" ಅಂದರು. ನಿನ್ನೆಯಿಂದ ಇದೇ ಮೊದಲ ಮಾತು. ಅವರು ಹೇಳಿದ ಹಾಗೇ ಬರೀತಿದ್ದೀನಿ, ಒಂದಕ್ಷರ ನಂದಲ್ಲ: "ಬೀಗಿತ್ತಿ, ಬರೋ ಭಾನುವಾರ ನಮ್ಮ ವೆಂಕಟ ಅರಸೀಕೆರೆಗೆ ಬರ್ತಾನೆ. ಮಂಡಿನೋವು ಅನ್ನಬೇಡ, ಕಾರು ಮಾಡಿದ್ದೀವಿ. ಸಾಯಂಕಾಲದ ಬಸ್ಸು ಗಿಸ್ಸು ಅಂದರೆ ನಾನು ಕೇಳಲ್ಲ. ಒಂದು ತಿಂಗಳಿಗೆ ಆಗೋಷ್ಟು ಸೀರೆ ತಗೊಂಡು ಬಾ. ಮ್ಯೂಸಿಯಮ್ಮಿಗೆ ನಾನೇ ಕರಕೊಂಡು ಹೋಗ್ತೀನಿ, ನನಗೂ ಕಲಿಸಿಕೊಡು. ಮಂಚ ಗೋಡೆ ಕಡೆಗೆ ಬೇಕೋ ಕಿಟಕಿ ಕಡೆಗೆ ಬೇಕೋ ಈಗಲೇ ಹೇಳು, ಆಮೇಲೆ ಎಳೆದಾಡೋಕೆ ನನ್ನ ಸೊಂಟ ಇಲ್ಲ." ಅಮ್ಮ, ಓದಿದ ತಕ್ಷಣ ಅಮರನಿಂದ ಫೋನು ಮಾಡಿಸು. ಗೋಡೆ ಕಡೆನೋ ಕಿಟಕಿ ಕಡೆನೋ, ಅದೊಂದೇ ಹೇಳಿಸು. ಬೇರೆ ಏನೇ ಹೇಳಿಸಿದರೂ ನಾನು ಅತ್ತೆಗೆ ಮುಟ್ಟಿಸಲ್ಲ.